ಗಂಡಂದಿರ ಬೆಂಚು

ಆ ಪಂಚಾಯಿತಿ ಕಚೇರಿಯ ಎದುರು, ಹೊಂಗೆ ಮರದ ಕೆಳಗೆ ಒಂದು ಸಿಮೆಂಟ್ ಬೆಂಚು ಇತ್ತು. ಬಸ್ ನಿಲ್ದಾಣಕ್ಕೆಂದು ತರಿಸಿದ್ದರಲ್ಲಿ ಒಂದು ಮಿಕ್ಕಿ ಅಲ್ಲಿಗೆ ಬಂದಿತ್ತು. ಬೆನ್ನಿನ ಕಡೆ ಹಳದಿ ಬಣ್ಣದಲ್ಲಿ ದಾನಿಯ ಹೆಸರು. ಮೊದಮೊದಲು ಅದರ ಮೇಲೆ ಯಾರು ಬೇಕಾದರೂ ಕೂರುತ್ತಿದ್ದರು. ಪಿಂಚಣಿ ಅರ್ಜಿ ಹಿಡಿದು ಬಂದ ಅಜ್ಜಿಯರು, ಖಾತೆಗಾಗಿ ಅಲೆಯುವ ಸೈಟಿನವರು. ಊರಿನವರು ಅದನ್ನು ‘ಗಂಡಂದಿರ ಬೆಂಚು’ ಎಂದು ಕರೆಯತೊಡಗಿದ ಮೇಲೆ ಬೇರೆ ಗಂಡಸರು ಅಲ್ಲಿ ಕೂರುವುದನ್ನು ಬಿಟ್ಟರು.

ನಾನು ಆಗ ಒಂದು ಕನ್ನಡ ದಿನಪತ್ರಿಕೆಗೆ ಆನೇಕಲ್ ತಾಲ್ಲೂಕಿನ ವರದಿಗಾರ್ತಿ. ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳು ಮುಗಿದು ಆನೇಕಲ್ಲಿನ ರಾಗಿ ಹೊಲಗಳು ಶುರುವಾಗುವ ನಡುವಿನ ಪಟ್ಟಿಯಲ್ಲಿ ಆ ಪಂಚಾಯಿತಿ ಇತ್ತು. ಹೊಲಗಳು ಸೈಟುಗಳಾಗಿ, ಸೈಟುಗಳು ಬಾಡಿಗೆ ಕೋಣೆಗಳ ಸಾಲುಗಳಾಗಿ, ಕೋಣೆಗಳ ತುಂಬ ರಾಯಚೂರು, ಕೊಪ್ಪಳ, ಯಾದಗಿರಿ ಕಡೆಯ ಕಟ್ಟಡ ಕೆಲಸದವರು ಬಂದಿದ್ದರು. ಬೆಳಿಗ್ಗೆ ಹೆಂಗಸರನ್ನು ತುಂಬಿಕೊಂಡು ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗೆ ವ್ಯಾನುಗಳು ಹೊರಡುತ್ತಿದ್ದವು. ಊರು ಇಷ್ಟು ಬೆಳೆದಿದ್ದರೂ ಅದನ್ನು ಆಳುತ್ತಿದ್ದದ್ದು ಎರಡು ಕೋಣೆಗಳ ಒಂದು ಗ್ರಾಮ ಪಂಚಾಯಿತಿ.

ಪಂಚಾಯಿತಿಗಳಲ್ಲಿ ಹೆಂಗಸರಿಗೆ ಅರ್ಧ ಸ್ಥಾನಗಳನ್ನು ಮೀಸಲಿಟ್ಟ ಮೇಲೆ ನಡೆದ ಮೊದಲ ಚುನಾವಣೆಯಲ್ಲಿ ಅಲ್ಲಿನ ಹದಿನೈದು ಸದಸ್ಯರಲ್ಲಿ ಎಂಟು ಮಂದಿ ಮಹಿಳೆಯರು ಗೆದ್ದರು. ಆದರೆ ಕೆಲಸದ ರೂಢಿ ಬದಲಾಗಿರಲಿಲ್ಲ. ಸಭೆಯ ದಿನ ಮೇಜಿನ ಸುತ್ತ ಗಂಡಸು ಸದಸ್ಯರು ಮತ್ತು ಸದಸ್ಯೆಯರ ಗಂಡಂದಿರು ಕೂರುತ್ತಿದ್ದರು. ಸದಸ್ಯೆಯರು ಬಂದರೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಬ್ಲೀಚಿಂಗ್ ಪೌಡರ್ ಮೂಟೆಗಳಿದ್ದ ಪಕ್ಕದ ಕೋಣೆಯಲ್ಲಿ ಕಾಯುತ್ತಿದ್ದರು. ಬಾರದಿದ್ದರೂ ತೊಂದರೆ ಇರಲಿಲ್ಲ. ತೆರಿಗೆ ವಸೂಲಿಯ ಬಿಲ್ ಕಲೆಕ್ಟರ್ ಫೈಲನ್ನು ವೈರ್ ಚೀಲದಲ್ಲಿಟ್ಟುಕೊಂಡು ಸೈಕಲ್ಲಿನಲ್ಲಿ ಮನೆಮನೆಗೆ ಹೋಗುತ್ತಿದ್ದ. ಬಟ್ಟೆ ಒಗೆಯುತ್ತಿದ್ದ ಸದಸ್ಯೆಯರು ಕೈ ಒರೆಸಿಕೊಂಡು ಬಂದು, ಅವನು ಬೆರಳಿಟ್ಟು ತೋರಿಸಿದ ಕಡೆ ಹೆಸರು ಬರೆದು ಒಳಗೆ ಹೋಗುತ್ತಿದ್ದರು. ಊರಿನಲ್ಲಿ ‘ಮೆಂಬರ್ರು’ ಎಂದರೆ ಗಂಡ. ಹೆಂಡತಿ ‘ಮೆಂಬರ್ ಹೆಂಡ್ತಿ’.

ಆ ಸಲ ಅಧ್ಯಕ್ಷ ಸ್ಥಾನ ಪರಿಶಿಷ್ಟ ಜಾತಿಯ ಮಹಿಳೆಗೆ ಮೀಸಲಾಯಿತು. ಅದುವರೆಗೆ ಆ ಕುರ್ಚಿಯಲ್ಲಿದ್ದವರು ಊರಿನ ದೊಡ್ಡ ಜಮೀನುದಾರರು, ಬಡಾವಣೆಗಳಿಗೆ ಜಾಗ ಮಾಡಿಸಿಕೊಡುವವರು. ಮೀಸಲಾತಿಗೆ ಅವರು ಬೇಸರಪಡಲಿಲ್ಲ. ತಮ್ಮ ಕಡೆಯಿಂದ ಗೆದ್ದಿದ್ದ ಕಾಲೋನಿಯ ಹೆಣ್ಣುಮಗಳೊಬ್ಬರನ್ನು ತಾವೇ ಕರೆದು ಕೂರಿಸಿದರು. ಅವರು ಹನ್ನೊಂದು ವರ್ಷ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದವರು. ಯಂತ್ರಗಳ ಸದ್ದಿನ ನಡುವೆ ಮಾತಾಡಿ ಅಭ್ಯಾಸವಾಗಿ, ಪಕ್ಕದಲ್ಲಿದ್ದವರೊಂದಿಗೂ ಜೋರಾಗಿಯೇ ಮಾತಾಡುತ್ತಿದ್ದರು. ಅವರ ಗಂಡ ಟಿಪ್ಪರ್ ಓಡಿಸುತ್ತಿದ್ದರು.

ಅಧ್ಯಕ್ಷೆಯಾಗಿ ಅವರು ನಡೆಸಿದ ಮೊದಲ ಸಭೆಗೆ ನಾನು ಹೋಗಿದ್ದೆ. ಬಾಗಿಲ ಪಕ್ಕದ ಸ್ಟೂಲು ಪತ್ರಿಕೆಯವರಿಗೆ ಎಂದು ರೂಢಿಯಾಗಿತ್ತು. ಮೇಜಿನ ಸುತ್ತ ಎಂದಿನಂತೆ ಗಂಡಸರು ಕೂತಿದ್ದರು, ಅಧ್ಯಕ್ಷೆಯ ಗಂಡನೂ ಒಂದು ಮೂಲೆಯಲ್ಲಿದ್ದರು. ಅಧ್ಯಕ್ಷೆ ಕೂರಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತು ಗಂಡನ ಕಡೆ ನೋಡಿದರು.

“ನೀವು ಎದ್ದೋಗಿ ಆಚೆ ಕೂತ್ಕಳಿ.”

“ನಾನಾ?” ಎಂದರು ಅವರು.

“ನೀವೇ. ನೀವೇನು ಗೆದ್ದಿದ್ದೀರಾ?”

ಅವರು ನಗುತ್ತ ಎದ್ದು ಹೋಗಿ ಹೊಂಗೆ ಮರದ ಕೆಳಗಿನ ಬೆಂಚಿನಲ್ಲಿ ಕೂತರು. ಆಮೇಲೆ ಅಧ್ಯಕ್ಷೆ ಉಳಿದವರ ಕಡೆ ತಿರುಗಿ, “ಹೆಂಡ್ತೀರು ಮೆಂಬರಾಗಿರೋರೂ ಆಚೆ ಬೆಂಚಿಗೆ ಓಗ್ಬೇಕು ಅಂತ ಕೇಳ್ಕತೀನಿ. ಅಕ್ಕಾರೆಲ್ಲ ಪಕ್ಕದ ರೂಮಿಂದ ಬನ್ನಿ,” ಎಂದರು.

ಯಾರೂ ಕದಲಲಿಲ್ಲ. ಈಗ ಬರೀ ಸದಸ್ಯರಾಗಿದ್ದ ಮಾಜಿ ಅಧ್ಯಕ್ಷರು ತಾಳ್ಮೆಯಿಂದಲೇ ಹೇಳಿದರು: “ಏನಮ್ಮಾ ಇದು? ಅವರಿಗೆ ಇದೆಲ್ಲ ಏನ್ ಗೊತ್ತಾಗ್ತದೆ? ಇವರು ತಿಳ್ಕಂಡಿರೋರು, ಕೂತಿರ್ತಾರೆ ಬುಡು.”

“ಅಣ್ಣಾ, ನಾನು ಅಷ್ಟು ವರ್ಷ ಮಿಷನ್ ಮೇಲೆ ಕೂತಿದ್ದೆ. ಒಂದಿನ ನನ್ ಬದ್ಲು ನಮ್ ಯಜಮಾನ್ರು ಬಂದು ಕೂತಿದ್ರೆ ಸೂಪರ್‌ವೈಸರ್ ಬುಡ್ತಿದ್ನಾ? ಗೇಟಲ್ಲೇ ನಿಲ್ಲಿಸ್ತಿದ್ದ. ಯಾರ್ ಮಿಷನ್ನೋ ಅವ್ರೇ ಕೂರ್ಬೇಕು.”

ಒಬ್ಬ ಸದಸ್ಯ ನಕ್ಕುಬಿಟ್ಟ. ನಗು ಬಂದ ಮೇಲೆ ಗಂಡಂದಿರಿಗೆ ಕೂತಿರುವುದು ಕಷ್ಟವಾಯಿತು. ಒಬ್ಬೊಬ್ಬರೇ ಎದ್ದರು. ಕೊನೆಯಲ್ಲಿ ಎದ್ದವರು ಡೇರಿ ಬೀದಿಯ ಸದಸ್ಯೆಯ ಗಂಡ. ಹಾಲಿನ ಡೇರಿಯ ಎದುರೇ ಅವರ ಮನೆ, ಮನೆಯ ಹಿಂದೆ ಬಾಡಿಗೆ ಕೋಣೆಗಳ ವಠಾರ. ಅವರ ವಿಸಿಟಿಂಗ್ ಕಾರ್ಡಿನಲ್ಲಿ ‘ಸದಸ್ಯರು, ಗ್ರಾಮ ಪಂಚಾಯಿತಿ’ ಎಂದು ಅವರದೇ ಹೆಸರಿತ್ತು, ಅವರದೇ ಫೋಟೊ ಇತ್ತು. ಬಾಗಿಲು ದಾಟುವಾಗ ನನ್ನ ಕಡೆ ನೋಡಿ, “ನೀವೇ ಹೇಳಿ ಮೇಡಂ, ಇದೇನು ಗಾರ್ಮೆಂಟ್ಸಾ?” ಎಂದರು.

ಅಂದಿನಿಂದ ಎರಡು ನಿಯಮಗಳು ಬಂದವು. ಗಂಡಂದಿರು ಹೊರಗೆ. ಫೈಲು ಮನೆಗೆ ಹೋಗುವಂತಿಲ್ಲ, ಸಹಿ ಹಾಕುವವರು ಕಚೇರಿಗೆ ಬರಬೇಕು. ಅಧ್ಯಕ್ಷೆ ತಾವೂ ಮನೆಯಲ್ಲಿ ಸಹಿ ಹಾಕುತ್ತಿರಲಿಲ್ಲ. ಇದರಿಂದ ಒಮ್ಮೆಗೇ ಏನೂ ಬದಲಾಗಲಿಲ್ಲ. ಸದಸ್ಯೆಯರು ಒಳಗೆ ಕೂರುತ್ತಿದ್ದರು, ಸೆರಗಿನ ಅಂಚು ತಿರುವುತ್ತ ಸುಮ್ಮನಿರುತ್ತಿದ್ದರು. ಏನಾದರೂ ಕೇಳಿದರೆ ಕಿಟಕಿಯ ಕಡೆ ನೋಡುತ್ತಿದ್ದರು. ಕಿಟಕಿಯಿಂದ ಬೆಂಚು ಕಾಣುತ್ತಿತ್ತು. ಬೆಂಚಿನಲ್ಲಿದ್ದವರು ತಲೆಯಾಡಿಸಿದರೆ ಇವರು ‘ಆಗಲಿ’ ಎನ್ನುತ್ತಿದ್ದರು.

ಆದರೂ ಬೆಂಚು ಗಂಡಸರನ್ನು ಚುಚ್ಚುತ್ತಿತ್ತು. ಅಲ್ಲಿ ಕೂತರೆ ಬಸ್ಸಿಗೆ ಕಾಯುವವರು ನೋಡುತ್ತಿದ್ದರು. ಹೋಟೆಲಿನವನು, “ಏನಣ್ಣಾ, ಒಳಗಡೆ ಅಕ್ಕ, ಹೊರಗಡೆ ನೀವು! ಟೀ ಎಲ್ಲಿಗೆ ಕೊಡ್ಲಿ?” ಎಂದು ಕೂಗುತ್ತಿದ್ದ. ಇನ್ನೊಂದು ಕಾರಣವೂ ಇತ್ತು, ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಧ್ಯಕ್ಷೆಯ ಗಂಡ ಎಲ್ಲರಿಗಿಂತ ಮೊದಲು ಬಂದು ಬೆಂಚಿನ ಒಂದು ತುದಿಯಲ್ಲಿ ಕೂತಿರುತ್ತಿದ್ದರು. ಅವರ ಪಕ್ಕದಲ್ಲಿ ಕೂರಲು ಮನಸ್ಸಿಲ್ಲದವರು ಬಿಸಿಲಿನಲ್ಲಿ ಬೈಕಿಗೆ ಒರಗಿ ನಿಲ್ಲುತ್ತಿದ್ದರು.

ಅಧಿಕಾರ ಹಿಡಿದ ಮೊದಲ ಕೆಲವು ತಿಂಗಳು ಅಧ್ಯಕ್ಷರ ವಿರುದ್ಧ ಅವಿಶ್ವಾಸ ತರುವಂತಿರಲಿಲ್ಲ. ಆ ಅವಧಿ ಮುಗಿಯುತ್ತಲೇ ಹನ್ನೊಂದು ಸದಸ್ಯರ ಸಹಿಯ ನೋಟಿಸು ಉಪವಿಭಾಗಾಧಿಕಾರಿಗಳ ಕಚೇರಿಗೆ ಹೋಯಿತು. ಆರು ಮಂದಿ ಗಂಡಸರು, ಐದು ಮಂದಿ ಹೆಂಗಸರು. ಐವರು ಹೆಂಗಸರ ಸಹಿ ಹಳೆಯ ಕ್ರಮದಲ್ಲೇ ಆಗಿತ್ತು. ವೈರ್ ಚೀಲ ಮನೆಗೆ ಬಂದಿತ್ತು, ಬಿಲ್ ಕಲೆಕ್ಟರ್ ಬೆರಳಿಟ್ಟು ತೋರಿಸಿದ್ದ. ಅಧಿಕಾರಿಗಳು ಸಭೆಯ ದಿನ ಗೊತ್ತು ಮಾಡಿದರು. ಹದಿನೈದರಲ್ಲಿ ಮೂರನೇ ಎರಡು ಭಾಗ, ಎಂದರೆ ಹತ್ತು ಕೈ ಎತ್ತಿದರೆ ಅಧ್ಯಕ್ಷೆ ಇಳಿಯಬೇಕು. ಎದುರು ಪಕ್ಷಕ್ಕೆ ಬೇಕಾದುದಕ್ಕಿಂತ ಒಂದು ಹೆಚ್ಚೇ ಇತ್ತು.

ನಾನು ಅಧ್ಯಕ್ಷೆಯನ್ನು ಕಚೇರಿಯಲ್ಲಿ ಕಂಡು ಮಾತಾಡಿಸಿದೆ.

“ಇಳಿಸ್ತಾರೆ ಮೇಡಂ,” ಎಂದರು. “ಗಾರ್ಮೆಂಟ್ಸ್‌ಗೆ ವಾಪಸ್ ಓಗ್ಬೋದು, ಅದೇನು ದೊಡ್ಡದಲ್ಲ. ಆದ್ರೆ ನಾನ್ ಇಳಿದ ದಿನಾನೇ ಆ ಬೆಂಚು ಎತ್ತಿ ಬಿಸಾಕ್ತಾರೆ. ಅಕ್ಕಾರು ಮತ್ತೆ ಪೌಡರ್ ಮೂಟೆ ಪಕ್ಕ ಓಗಿ ಕೂತ್ಕತಾರೆ. ಇನ್ನೊಂದ್ಸಲ ಯಾರೂ ಕರೆಯಲ್ಲ.”

ಸಭೆಗೆ ನಾಲ್ಕೈದು ದಿನ ಇರುವಾಗ ಸದಸ್ಯರನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುವುದು ನಮ್ಮ ಕಡೆಯ ರೂಢಿ. ಎದುರಿನವರು ಸೆಳೆಯದಿರಲಿ ಎಂದು ರೆಸಾರ್ಟಿನಲ್ಲಿಟ್ಟು, ಸಭೆಯ ಬೆಳಿಗ್ಗೆ ನೇರವಾಗಿ ತಂದು ಇಳಿಸುತ್ತಾರೆ. ಮಾಜಿ ಅಧ್ಯಕ್ಷರೂ ಒಂದು ಟೆಂಪೊ ಟ್ರಾವೆಲರ್ ಗೊತ್ತುಮಾಡಿದರು. ಹನ್ನೊಂದು ಜನರನ್ನು ಹತ್ತಿಸಿಕೊಂಡರು.

ನಾನು ಸದಸ್ಯರ ಪ್ರತಿಕ್ರಿಯೆ ಪಡೆಯಲು ಡೇರಿ ಬೀದಿಯ ಸದಸ್ಯೆಯ ನಂಬರಿಗೆ ಫೋನ್ ಮಾಡಿದೆ. ತೆಗೆದುಕೊಂಡವರು ಗಂಡ. ಹಿಂದೆ ನೀರಿಗೆ ಯಾರೋ ಧುಮುಕಿದ ಸದ್ದು, ನಗು.

“ಹೇಳಿ ಮೇಡಂ. ನಾವೆಲ್ಲ ಒಗ್ಗಟ್ಟಾಗಿದ್ದೀವಿ. ಹನ್ನೊಂದೂ ಜನ ಇಲ್ಲೇ ಇದ್ದೀವಿ, ಬರ್ಕೊಳ್ಳಿ.”

“ನಿಮ್ಮ ಮನೆಯವರೂ ಬಂದಿದ್ದಾರಾ?”

“ಅವಳ್ಯಾಕೆ ಬರ್ತಾಳೆ? ಹಸು ಯಾರು ನೋಡ್ಕೋತಾರೆ?”

“ಮತ್ತೆ ಕೈ ಎತ್ತೋದು ಅವರಲ್ಲವಾ?”

“ಎತ್ತು ಅಂದ್ರೆ ಎತ್ತುತ್ತಾಳೆ. ಅದೇನ್ ಮೇಡಂ, ಭಾರ ಎತ್ತೋ ಕೆಲಸಾನಾ?” ಎಂದು ಅವರು ಗಟ್ಟಿಯಾಗಿ ನಕ್ಕರು. ಪಕ್ಕದಲ್ಲಿದ್ದವರಿಗೂ ಅದನ್ನು ಹೇಳಿರಬೇಕು, ಅಲ್ಲಿಯೂ ನಗು ಕೇಳಿಸಿತು.

ಉಳಿದ ನಾಲ್ವರು ಸದಸ್ಯೆಯರ ನಂಬರುಗಳಲ್ಲಿಯೂ ಗಂಡಂದಿರೇ ಸಿಕ್ಕರು, ಎಲ್ಲರ ಹಿಂದೆಯೂ ಅದೇ ಈಜುಕೊಳ. ಲೆಕ್ಕ ಸರಳವಾಗಿತ್ತು. ಆರು ಮಂದಿ ಸದಸ್ಯರನ್ನೂ ಐದು ಮಂದಿ ಗಂಡಂದಿರನ್ನೂ ಭದ್ರವಾಗಿ ಇಟ್ಟಿದ್ದರು. ಐದು ಮತಗಳು ಊರಿನಲ್ಲಿ ಹಾಲು ಕರೆಯುತ್ತಿದ್ದವು. ಇದು ಯಾರಿಗೂ ವಿಚಿತ್ರವೆನಿಸಲಿಲ್ಲ. ಆ ಪಂಚಾಯಿತಿಯಲ್ಲಿ ಯಾವಾಗಲೂ ಹಾಗೆಯೇ ಕರೆದುಕೊಂಡು ಹೋಗುತ್ತಿದ್ದರು. ಹಿಂದೆ ಗಂಡ ಬಂದರೆ ಮತ ಬಂದಂತೆಯೇ ಆಗುತ್ತಿತ್ತು.

ಮರುದಿನ ಭಾನುವಾರ. ಬೆಳಿಗ್ಗೆ ಡೇರಿ ಬೀದಿಗೆ ಹೋದೆ. ಸದಸ್ಯೆಯನ್ನೇ ಕಂಡು ಒಂದು ಮಾತು ಪಡೆಯುವ ಉದ್ದೇಶವಿತ್ತು. ಅವರು ಆಗಷ್ಟೇ ಡೇರಿಗೆ ಹಾಲು ಹಾಕಿ ಕ್ಯಾನು ತೊಳೆಯುತ್ತಿದ್ದರು. ಸುಮಾರು ನಲವತ್ತರ, ಮಾತು ಕಡಿಮೆಯ ಹೆಂಗಸು. “ನಮ್ಮನೆಯವ್ರು ಬಂದ್ಮೇಲೆ ಕೇಳಿ,” ಎಂದಷ್ಟೇ ಹೇಳಿದರು. ಕುರ್ಚಿ ಹಾಕಿ ಕಾಫಿಗೆ ಒಳಗೆ ಹೋದರು.

ಕಾಫಿ ಬರುವ ಮುಂಚೆ ಗೇಟಿನ ಹತ್ತಿರ ಗದ್ದಲವಾಯಿತು. ಹಿಂದಿನ ವಠಾರದ ಹೆಂಗಸರು ಖಾಲಿ ಕೊಡಗಳೊಂದಿಗೆ ಬಂದಿದ್ದರು, ಹತ್ತು ಹನ್ನೆರಡು ಜನ. ಮುಂದಿದ್ದವಳು ಎತ್ತರದ ದನಿಯವಳು, ರಾಯಚೂರು ಕಡೆಯವಳು.

“ಅಕ್ಕಾರ, ನಳಾ ಬಂದು ಮೂರ ದಿನ ಆತ್ರೀ. ಮೋಟಾರ ಸುಟ್ಟೈತಿ ಅಂತಾರ. ಹುಡುಗ್ರು ಮಾರಿ ತೊಳ್ಕೊಂಡಿಲ್ಲ. ಮೆಂಬರ್ ಸಾಹೇಬ್ರು ಎಲ್ಲದಾರ?”

“ಊರಲ್ಲಿಲ್ಲಮ್ಮ. ಬಂದ್ಮೇಲೆ ಹೇಳ್ತೀನಿ.”

“ಬರೂತನ ನಾವೇನ್ ಉಗುಳು ನುಂಗೂಣೇನ್ರೀ?” ಎಂದಳು ಅವಳು. ಹಿಂದಿನಿಂದ ಇನ್ನೊಬ್ಬಳು, “ಬಾಡಗಿ ಮಾತ್ರ ಒಂದನೇ ತಾರೀಖಿಗೇ ಬೇಕ. ಇಲ್ಲಾಂದ್ರ ಬ್ಯಾರೆ ಕಡೆ ರೂಮ್ ನೋಡ್ತೀವ್ರಿ,” ಎಂದಳು.

ಸದಸ್ಯೆ ಗಂಡನಿಗೆ ಫೋನ್ ಮಾಡಿಸಿದರು. ಹತ್ತಲಿಲ್ಲ. ಬಿಲ್ ಕಲೆಕ್ಟರ್‌ಗೆ ಹೇಳಿ ಕಳಿಸಿದರು. ಅವನು ಸೈಕಲ್ಲಿನಲ್ಲಿ ಬಂದು, ಪಂಚಾಯಿತಿ ಬೋರ್‌ವೆಲ್ಲಿನ ಮೋಟಾರು ಎತ್ತಿಸಬೇಕೆಂದರೆ ಆ ವಾರ್ಡಿನ ಮೆಂಬರ್ ಸಹಿ, ಅಧ್ಯಕ್ಷರ ಸಹಿ ಎರಡೂ ಬೇಕು, ಇವತ್ತು ರಜೆ, ನಾಳೆ ಯಜಮಾನರು ಬರಲಿ ಎಂದ. “ನಾಳೆ ಎಲ್ಲಿ ಬರ್ತಾರೆ, ಬುಧವಾರ ಬರೋದು,” ಎಂದರು ಸದಸ್ಯೆ. ಕೊಡ ಹಿಡಿದ ಹೆಂಗಸರು ಗೇಟಿನಿಂದ ಕದಲಲಿಲ್ಲ, ಅಲ್ಲೇ ನೆರಳು ನೋಡಿ ಕೂತರು. ಸದಸ್ಯೆ ಸ್ವಲ್ಪ ಹೊತ್ತು ಅವರನ್ನು ನೋಡಿದರು. ಆಮೇಲೆ ನನ್ನನ್ನು ಕೇಳಿದರು: “ನಿಮ್ ಗಾಡೀಲಿ ಕಾಲೋನಿತಂಕ ಬಿಡ್ತೀರಾ?”

ಕಾಲೋನಿ ಡೇರಿ ಬೀದಿಯಿಂದ ಕೂಗಿದರೆ ಕೇಳಿಸುವಷ್ಟು ದೂರ. ಅಲ್ಲಿಗೆ ತಾನು ಬರುತ್ತಿರುವುದು ಇದೇ ಮೊದಲು ಎಂದು ಅವರು ಸ್ಕೂಟರಿನ ಹಿಂದಿನಿಂದ ಹೇಳಿದರು. ಅವರು ಈ ಊರಿಗೆ ಮದುವೆಯಾಗಿ ಬಂದು ಇಪ್ಪತ್ತು ವರ್ಷ ದಾಟಿತ್ತು.

ಅಧ್ಯಕ್ಷೆ ಬಾಗಿಲಲ್ಲೇ ಇದ್ದರು. ಒಳಗೆ ಕರೆದರು. ಸದಸ್ಯೆ, “ಇರ್ಲಿ, ಇಲ್ಲೇ ಗಾಳಿ ಐತೆ,” ಎಂದು ಅಂಗಳದಲ್ಲಿ ನಿಂತರು. ಅಧ್ಯಕ್ಷೆ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದರು, ಸದಸ್ಯೆ ಕೂತರು. ಮೂರು ಲೋಟ ಕಾಫಿ ಬಂತು. ನಾನೂ ಅಧ್ಯಕ್ಷೆಯೂ ಕುಡಿದೆವು. ಸದಸ್ಯೆ ಹೊಟ್ಟೆ ಸರಿಯಿಲ್ಲವೆಂದರು. ಮೂರನೆಯ ಲೋಟ ಜಗಲಿಯ ಮೇಲೆ ಹಾಗೇ ಆರಿತು.

ಮೋಟಾರಿನ ವಿಷಯ ಕೇಳಿದ ಅಧ್ಯಕ್ಷೆ, “ಇಲ್ಲಿ ಬ್ಯಾಡ ಅಕ್ಕಾ. ಆಫೀಸಿಗೆ ಬನ್ನಿ, ಬೀಗ ತೆಗೆಸ್ತೀನಿ,” ಎಂದರು.

“ಇಲ್ಲೇ ಒಂದು ಸೈನ್ ಹಾಕಿದ್ರೆ ಆಗಲ್ವಾ?”

“ಮನೇಲಿ ಹಾಕಲ್ಲ ಅಂತ ನಾನೇ ಅಂದಿದ್ದೀನಿ. ಬನ್ನಿ, ಎಷ್ಟೊತ್ತು?”

ಕಚೇರಿಯಲ್ಲಿ ಅಧ್ಯಕ್ಷೆ ತಮ್ಮ ಕುರ್ಚಿಯಲ್ಲಿ, ಸದಸ್ಯೆ ಎದುರಿಗೆ ಕೂತರು. ಬಿಲ್ ಕಲೆಕ್ಟರ್ ಕಾಗದ ಬರೆದ, ಆದರೆ ಮುಂದೆ ಇಡಲು ಹಿಂಜರಿದ. ಫೋನ್ ತೆಗೆದು ಇನ್ನೊಮ್ಮೆ ಪ್ರಯತ್ನಿಸಿದ. ಈ ಸಲ ಹತ್ತಿತು.

“ಅಣ್ಣಾ, ಅಕ್ಕ ಆಫೀಸಿಗೆ ಬಂದವ್ರೆ. ಮೋಟಾರಿಗೆ ಸೈನ್ ಹಾಕ್ತೀನಿ ಅಂತಾವ್ರೆ. ಹಾಕಿಸ್ಲಾ?”

ಫೋನಿನ ದನಿ ನಮಗೆಲ್ಲ ಕೇಳುವಷ್ಟು ಜೋರಾಗಿತ್ತು. “ಯಾವ ಮೋಟಾರೋ? ವಠಾರದ್ದಾ? ಇರ್ಲಿ ಬುಡು, ನಾನ್ ಬಂದ್ ನೋಡ್ತೀನಿ. ಅವರಿಗೇನ್ ಇಲ್ಲಿ ಓಟಿದೆಯಾ?”

ಸದಸ್ಯೆ ಕೈ ಚಾಚಿ ಫೋನ್ ಇಸಿದುಕೊಂಡರು. “ಓಟಿಲ್ಲ ಕಣ್ರೀ, ಬಾಡಿಗೆ ಐತೆ,” ಎಂದರು. “ಗೇಟಲ್ಲಿ ಕೂತವ್ರೆ. ನೀವ್ ಬರೋ ಅಷ್ಟರಲ್ಲಿ ಅರ್ಧ ರೂಮ್ ಖಾಲಿ ಆಯ್ತವೆ.” ಆ ಕಡೆಯ ಉತ್ತರಕ್ಕೆ ಕಾಯದೆ ಫೋನ್ ಹಿಂದಕ್ಕೆ ಕೊಟ್ಟರು.

ಬಿಲ್ ಕಲೆಕ್ಟರ್ ಕಾಗದ ಮುಂದಿಟ್ಟು ಅಭ್ಯಾಸದಂತೆ ಬೆರಳು ತೋರಿಸಿದ. ಸದಸ್ಯೆ ಬೆರಳು ಸರಿಸಿ, ಮೊದಲಿನಿಂದ ಓದಿದರು. ನಿಧಾನವಾಗಿ, ತುಟಿ ಆಡಿಸುತ್ತ ಓದಿದರು. ಸಹಿ ಹಾಕಿದ ಮೇಲೆ ಪೆನ್ನು ಇಡದೆ ಅಧ್ಯಕ್ಷೆಯನ್ನು ಕೇಳಿದರು: “ಹೋದ ತಿಂಗಳು ಇವನು ಮನೆಗೆ ಬಂದು ಒಂದು ಸೈನ್ ಹಾಕಿಸ್ಕೊಂಡ. ಅದು ಏತಕ್ಕೆ?”

ಬಿಲ್ ಕಲೆಕ್ಟರ್ ಕಿಟಕಿಯ ಕಡೆ ತಿರುಗಿದ.

“ನನ್ನ ಇಳಿಸೋಕೆ ಅಕ್ಕಾ,” ಎಂದರು ಅಧ್ಯಕ್ಷೆ.

“ನಾನಾ?”

“ನೀವೂ. ಹನ್ನೊಂದು ಜನ.”

ಸದಸ್ಯೆ ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟರು. ಅಧ್ಯಕ್ಷೆ ತಮಗೆ ಮತ ಕೊಡಿ ಎಂದು ಕೇಳಲಿಲ್ಲ. ಆಮೇಲೆ ಯಾಕೆ ಕೇಳಲಿಲ್ಲವೆಂದು ವಿಚಾರಿಸಿದಾಗ, “ಮೋಟಾರು ಕೊಟ್ಟು ಓಟು ಕೇಳಿದಂಗೆ ಆಯ್ತದೆ ಮೇಡಂ,” ಎಂದರು. ಆರಿದ ಲೋಟದ ಮಾತೂ ಬಂತು. “ಕುರ್ಚಿಗೆ ಮೀಸಲಾತಿ ಐತೆ. ಕಾಫಿಗೆ ಇಲ್ವಲ್ಲ,” ಎಂದು ನಕ್ಕರು.

ಅಂದು ಮಧ್ಯಾಹ್ನವೇ ಮೋಟಾರು ಮೇಲೆ ಬಂತು, ವೈಂಡಿಂಗ್‌ಗೆ ಬೊಮ್ಮನಹಳ್ಳಿಗೆ ಹೋಯಿತು. ಅದುವರೆಗೆ ವಠಾರಕ್ಕೆ ಒಂದು ಟ್ಯಾಂಕರ್ ನೀರು ಬಂತು. ಸೋಮವಾರ ಸಂಜೆ ಡೇರಿಯ ಸಾಲಿನಲ್ಲಿ ಈ ಸುದ್ದಿ ಹಬ್ಬಿತು. ಗಂಡಂದಿರು ಪ್ರವಾಸದಲ್ಲಿದ್ದ ಮನೆಗಳ ಬಾಗಿಲಿಗೂ ಜನ ಬರತೊಡಗಿದ್ದರು, ಒಂದು ಕಡೆ ಬೀದಿ ದೀಪಕ್ಕೆ, ಇನ್ನೊಂದು ಕಡೆ ಕಟ್ಟಿಕೊಂಡ ಚರಂಡಿಗೆ. ಆ ಎರಡು ಮನೆಗಳ ಸದಸ್ಯೆಯರು ಸಾಲಿನಲ್ಲೇ ಡೇರಿ ಬೀದಿಯ ಸದಸ್ಯೆಯನ್ನು ಕೇಳಿದರು: “ನೀನೇ ಹೋಗಿದ್ದೆಯಂತೆ? ಒಳಗೆ ಎಂಗೆ ಹೋಗೋದು? ಏನಂತ ಹೇಳೋದು?” ಮಂಗಳವಾರ ನಾನು ಕಚೇರಿಯ ಮುಂದೆ ಹಾದುಹೋದಾಗ ಮೂವರೂ ಒಳಗಿದ್ದರು. ಡೇರಿ ಬೀದಿಯವರು ಚರಂಡಿಯ ಕಾಗದವನ್ನು ಮತ್ತೊಬ್ಬರಿಗೆ ಓದಿ ಹೇಳುತ್ತಿದ್ದರು. ಬೆಂಚು ಖಾಲಿಯಾಗಿತ್ತು. ಕಿಟಕಿಯ ಕಡೆ ಯಾರೂ ನೋಡುತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ಟೆಂಪೊ ಟ್ರಾವೆಲರ್ ಬಂದು ನಿಂತಿತು. ಹನ್ನೊಂದು ಜನ ಒಂದೇ ಬಗೆಯ ಬಿಳಿ ಅಂಗಿಗಳಲ್ಲಿ ಇಳಿದರು. ಗಂಡಂದಿರು ಹೆಂಡತಿಯರನ್ನು ಕರೆತರಲು ಮನೆಗೆ ಹೋಗಬೇಕಿರಲಿಲ್ಲ. ಅವರು ಆಗಲೇ ಬಂದು ಒಳಗೆ ಕೂತಿದ್ದರು.

“ನೋಡಿದ್ರಾ, ಎಷ್ಟು ಶಿಸ್ತು!” ಎಂದರು ಮಾಜಿ ಅಧ್ಯಕ್ಷರು, ನನಗೆ ಕೇಳಿಸುವಂತೆ.

ಉಪವಿಭಾಗಾಧಿಕಾರಿಗಳು ಜೀಪಿನಲ್ಲಿ ಬಂದರು, ಮಿತಭಾಷಿ. ಕೂತವರೇ, “ಸದಸ್ಯರಲ್ಲದವರು ಹೊರಗೆ ಹೋಗಿ,” ಎಂದರು. ನನ್ನನ್ನು ನೋಡಿ, “ಪತ್ರಿಕೆಯವರೂ,” ಎಂದರು. ಹಾಗಾಗಿ ನಾನೂ ಗಂಡಂದಿರ ಜೊತೆ ಕಿಟಕಿಯಲ್ಲಿ ನಿಂತೆ. ಅಧ್ಯಕ್ಷೆಯ ಗಂಡ ಮಾತ್ರ ಬೆಂಚಿನಿಂದ ಏಳಲಿಲ್ಲ. “ಏನಾಯ್ತದೋ ಅದು ಇಲ್ಲಿಗೂ ಕೇಳ್ತದೆ,” ಎಂದರು.

ಅಧಿಕಾರಿಗಳು ನೋಟಿಸನ್ನು ಓದಿದರು. ಅಧ್ಯಕ್ಷೆಗೆ ಮಾತಾಡಲು ಅವಕಾಶ ಕೊಟ್ಟರು. ಅವರು ಎದ್ದು ನಿಂತು, “ನಾನ್ ಏನ್ ಮಾಡಿದ್ದೀನಿ ಅಂತ ಎಲ್ಲರಿಗೂ ಗೊತ್ತೈತೆ ಸಾರ್. ಅದ್ನೇ ಮಾಡ್ತೀನಿ,” ಎಂದು ಕೂತರು. ಅಷ್ಟೇ.

“ಅವಿಶ್ವಾಸದ ಪರವಾಗಿರುವವರು ಕೈ ಎತ್ತಿ.”

ಮಾಜಿ ಅಧ್ಯಕ್ಷರ ಕೈ ಮೊದಲು ಎದ್ದಿತು. ಆರು ಗಂಡಸರದೂ ಎದ್ದವು. ಹೆಂಗಸರ ಸಾಲಿನಲ್ಲಿ ಒಂದು, ಸ್ವಲ್ಪ ತಡೆದು ಇನ್ನೊಂದು. ಡೇರಿ ಬೀದಿಯ ಸದಸ್ಯೆಯ ಎರಡು ಕೈಗಳೂ ಮಡಿಲಲ್ಲಿದ್ದವು. ಅವರ ಪಕ್ಕದ ಇಬ್ಬರು ಅವರ ಕೈಗಳನ್ನೇ ನೋಡುತ್ತಿದ್ದರು.

“ಏಯ್, ಎತ್ತೇ ಕೈ!” ನನ್ನ ಪಕ್ಕದಿಂದ ಅವರ ಗಂಡ ಪಿಸುಗುಟ್ಟಿದರು. ಪಿಸುಮಾತು ಕೋಣೆ ತುಂಬ ಕೇಳಿಸಿತು. “ಎತ್ತು ಅಂದ್ರೆ!”

ಅಧಿಕಾರಿಗಳು ತಲೆ ಎತ್ತದೆ, “ಕಿಟಕಿಯಲ್ಲಿರೋರು ಹಿಂದೆ ಸರೀರಿ. ಇಲ್ಲಾಂದ್ರೆ ಪೊಲೀಸರನ್ನ ಕರೆಸಬೇಕಾಗುತ್ತೆ,” ಎಂದರು.

ನಾವೆಲ್ಲ ಒಂದು ಹೆಜ್ಜೆ ಹಿಂದಕ್ಕೆ ಬಂದೆವು. ಸದಸ್ಯೆ ಕಿಟಕಿಯ ಕಡೆ ತಿರುಗಲೇ ಇಲ್ಲ. ಅಧಿಕಾರಿಗಳು ಪೆನ್ನಿನ ತುದಿಯಿಂದ ಒಂದೊಂದು ಕೈಯನ್ನೂ ಎಣಿಸಿದರು, ಎರಡನೇ ಸಲವೂ ಎಣಿಸಿದರು. ಎಂಟು. ಹತ್ತು ಬೇಕಿತ್ತು. “ನಿರ್ಣಯ ಬಿದ್ದಿದೆ,” ಎಂದು ಹೇಳಿ ಬರೆಯತೊಡಗಿದರು.

ಚಪ್ಪಾಳೆ, ಕೂಗಾಟ ಯಾವುದೂ ಆಗಲಿಲ್ಲ. ಮಾಜಿ ಅಧ್ಯಕ್ಷರು ಎತ್ತಿದ ಕೈಯನ್ನು ಸ್ವಲ್ಪ ಹೊತ್ತು ಇಳಿಸುವುದನ್ನೇ ಮರೆತಿದ್ದರು. ಆಮೇಲೆ ಎದ್ದು, ಯಾರನ್ನೂ ಮಾತಾಡಿಸದೆ, ವ್ಯಾನಿನವನಿಗೆ ಹೊರಡು ಎಂದು ಸನ್ನೆ ಮಾಡಿ ಕಾರು ಹತ್ತಿದರು. ಬಿಳಿ ಅಂಗಿಗಳು ಅಲ್ಲಲ್ಲಿ ಗುಂಪಾಗಿ ನಿಂತವು.

ಜೀಪು ಹೋದ ಮೇಲೆ ಡೇರಿ ಬೀದಿಯ ಸದಸ್ಯೆ ನೀರು ಕುಡಿಯಲು ಹೊರಗೆ ಬಂದರು. ಗಂಡ ಎದುರಿಗೆ ಬಂದು ನಿಂತರು. ಕೋಪಕ್ಕಿಂತ ಆಶ್ಚರ್ಯವೇ ಹೆಚ್ಚಾಗಿತ್ತು.

“ಯಾಕೇ ಎತ್ತಲಿಲ್ಲ? ಅಷ್ಟು ಜನರ ಮುಂದೆ ಮಾನ ಕಳೆದೆಯಲ್ಲ. ಅಲ್ಲಿ ನಾಲ್ಕು ದಿನ ಅವರ ಅನ್ನ ತಿಂದು ಬಂದಿದ್ದೀನಿ.”

“ತಿಂದಿದ್ದು ನೀವು,” ಎಂದರು ಸದಸ್ಯೆ. “ಕರ್ಕೊಂಡೋಗಿದ್ದು ನಿಮ್ಮನ್ನ, ಕೇಳಿದ್ದು ನಿಮ್ಮನ್ನ. ನನ್ನ ಯಾರ್ ಕೇಳಿದ್ರು?”

“ಸರಿ, ನಡಿ ಮನೆಗೆ,” ಎಂದು ಗಂಡ ಬೈಕಿನ ಕೀ ತೆಗೆದರು.

“ಮೋಟಾರಿನ ಪೈಪು ತೂತಾಗಿದೆಯಂತೆ, ಅದರ ಮಾತೈತೆ. ಮುಗಿಸ್ಕೊಂಡು ಬತ್ತೀನಿ. ಕಾಯಂಗಿದ್ರೆ ಕಾಯಿರಿ.”

ಅವರು ಒಳಗೆ ಹೋದರು. ಬಾಗಿಲು ತೆರೆದೇ ಇತ್ತು. ಮೇಜಿನ ಮೇಲೆ ಹೋಟೆಲಿನ ಟೀ ಬಂದಿತ್ತು. ಹೋಟೆಲಿನದ್ದಾದ್ದರಿಂದ ಎಲ್ಲರೂ ಕುಡಿದರು.

ಗಂಡ ಬೈಕಿನ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತರು. ಬಿಸಿಲು ಏರುತ್ತಿತ್ತು. ಬೆಂಚಿನ ತುದಿಯಲ್ಲಿದ್ದ ಅಧ್ಯಕ್ಷೆಯ ಗಂಡ ಇನ್ನಷ್ಟು ತುದಿಗೆ ಸರಿದು, “ಬನ್ನಿ ಅಣ್ಣಾ, ಕೂತ್ಕಳಿ. ಬೇಗ ಮುಗಿಯಲ್ಲ. ನಂಗೆ ಅಭ್ಯಾಸ ಐತೆ,” ಎಂದರು.

ಅವರು ರಸ್ತೆಯ ಆಚೆ ಈಚೆ ನೋಡಿದರು. ಬಸ್ ನಿಲ್ದಾಣದಲ್ಲಿ ಜನರಿದ್ದರು. ಕೊನೆಗೆ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ಇಬ್ಬರ ನಡುವೆ ಇನ್ನಿಬ್ಬರು ಕೂರುವಷ್ಟು ಜಾಗ ಉಳಿದಿತ್ತು.